ಗೃಹಿಣಿಯ ಸಾಧನೆಯೂ ನಮ್ಮ ಋಣವೂ

ಜ್ಯೇಷ್ಠ ಶುದ್ಧ ಚತುರ್ದಶಿಯು ಸಮೀಪಿಸಿತೆಂದರೆ ಕೋಲಾರ ಸೀಮೆಯ ಮಾಧ್ವ ಕುಟುಂಬಗಳ ಮನಸ್ಸು ಮುಳಬಾಗಿಲಿನ ನರಸಿಂಹತೀರ್ಥದ ಕಡೆಗೆ ತಿರುಗುವುದು ಸಹಜ. ಶ್ರೀಪಾದರಾಜರ ಆರಾಧನೆಗೆಂದು ಕೋಲಾರ, ಮಾಲೂರು, ಶ್ರೀನಿವಾಸಪುರಗಳಿಂದ ಬಂಧುಗಳು ಬಂದು ಸೇರುತ್ತಾರೆ. ವೃಂದಾವನದ ದರ್ಶನ, ತೀರ್ಥಪ್ರಸಾದ, ಉಪನ್ಯಾಸಗಳಿಂದ ಧನ್ಯರಾಗುತ್ತಾರೆ. ಈ ಸಂದರ್ಭದಲ್ಲಿ ನಮಗೆ ನೆನಪಾಗುವ ಒಬ್ಬ ತಾಯಿಯನ್ನೂ, ಅವರ ಬಾಳು ನಮ್ಮ ಮುಂದಿಟ್ಟ ಪ್ರಶ್ನೆಯೊಂದನ್ನೂ ಕುರಿತು ನಾಲ್ಕು ಮಾತುಗಳನ್ನು ಓದುಗರಲ್ಲಿ ನಿವೇದಿಸಿಕೊಳ್ಳಬಯಸುತ್ತೇವೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಹೆಸರು ಅಚ್ಚಾಗುವುದನ್ನು ಅವರು ಒಪ್ಪುತ್ತಿರಲಿಲ್ಲ. ಅಲ್ಲದೆ ಓದುಗರಲ್ಲಿ ಅನೇಕರು ಆ ಸ್ಥಾನದಲ್ಲಿ ತಮ್ಮ ಮನೆಯ ಹಿರಿಯರೊಬ್ಬರನ್ನೇ ನೆನೆದು ಓದಬಲ್ಲರು. ಮಾಲೂರು ಕಡೆಯ ಹಳ್ಳಿಯಲ್ಲಿ ಹುಟ್ಟಿ, ಮುಳಬಾಗಿಲಿನ ಮನೆಗೆ ಸೊಸೆಯಾಗಿ ಬಂದು, ಕಾಲಕ್ರಮದಲ್ಲಿ ಆ ಮನೆಗೆ ಹಿರಿಯರಾದರು. ಹೆಣ್ಣುಮಕ್ಕಳನ್ನು ಕೋಲಾರಕ್ಕೂ ಶ್ರೀನಿವಾಸಪುರಕ್ಕೂ ಕೊಟ್ಟರು. ವರ್ಷವಿಡೀ ಹರಿಯುವ ನದಿಯಿಲ್ಲದೆ ಕೆರೆ ಬಾವಿಗಳನ್ನೇ ನಂಬಿದ ಸೀಮೆ ನಮ್ಮದು. ಬೇಸಗೆಯಲ್ಲಿ ಬಾವಿಯ ತಳ ಕಾಣುವ ದಿನಗಳಲ್ಲಿಯೂ ಆ ಮನೆಯ ಮಡಿನೀರಿನ ಕೊಡ ಪೂಜೆಯ ಹೊತ್ತಿಗೆ ತುಂಬಿರುತ್ತಿತ್ತು. ಚಾತುರ್ಮಾಸ್ಯದಲ್ಲಿ ಶಾಕ, ದಧಿ, ಕ್ಷೀರ, ದ್ವಿದಳ ವ್ರತಗಳು ಒಂದಾದಮೇಲೊಂದು ಬರುವಾಗ ಯಾವುದು ವರ್ಜ್ಯ, ಯಾವುದು ಗ್ರಾಹ್ಯ ಎಂಬುದಕ್ಕೆ ಮನೆಮಂದಿ ಪಂಚಾಂಗವನ್ನು ನೋಡುತ್ತಿರಲಿಲ್ಲ. ಅವರ ಮುಖವನ್ನು ನೋಡುತ್ತಿದ್ದರು. ಏಕಾದಶಿಯಂದು ನಿರಾಹಾರವಿದ್ದು, ದ್ವಾದಶಿಯ ಪಾರಣೆಗಾಗಿ ಕತ್ತಲಿರುವಾಗಲೇ ಒಲೆ ಹೊತ್ತಿಸುತ್ತಿದ್ದರು. ಕೈ ಕೆಲಸದಲ್ಲಿದ್ದರೆ ಬಾಯಲ್ಲಿ ರಂಗವಿಠಲಾಂಕಿತದ ಹಾಡಿರುತ್ತಿತ್ತು.

ಆರಾಧನೆಯ ಮೂರು ದಿನಗಳೂ ಆ ಮನೆ ಬಂಧುಗಳಿಂದ ತುಂಬಿರುತ್ತಿತ್ತು. ಸಂಜೆ ಎಲ್ಲರೂ ಉಪನ್ಯಾಸಕ್ಕೆ ಹೊರಟಾಗ ಅವರು ಮನೆಯಲ್ಲಿಯೇ ಉಳಿಯುತ್ತಿದ್ದರು. ಮಲಗಿಸಬೇಕಾದ ಕೂಸುಗಳಿದ್ದವು, ಹೆಪ್ಪಿಡಬೇಕಾದ ಹಾಲಿತ್ತು, ಹಿಂತಿರುಗುವವರಿಗೆ ಬಡಿಸಬೇಕಾದ ಊಟವಿತ್ತು. ನಾವು ಹಿಂತಿರುಗಿದೊಡನೆ ಅವರು ಕೇಳುತ್ತಿದ್ದುದು ಒಂದೇ ಮಾತು: “ಆಚಾರ್ಯರು ಇವತ್ತು ಏನು ಹೇಳಿದರಪ್ಪ?” “ಬಹಳ ಚೆನ್ನಾಗಿತ್ತಮ್ಮ” ಎಂದು ಹೇಳಿ ನಾವು ಎಲೆಯ ಮುಂದೆ ಕುಳಿತುಬಿಡುತ್ತಿದ್ದೆವು.

ಅವರ ವೈಕುಂಠ ಸಮಾರಾಧನೆಯ ದಿನ ಬಂದವರೆಲ್ಲ ಅವರ ತ್ಯಾಗವನ್ನೂ ಸೇವೆಯನ್ನೂ ಕೊಂಡಾಡಿದರು. “ಅವರ ಅಡುಗೆಮನೆಯೇ ಅವರ ಯಜ್ಞಶಾಲೆ, ಅದಕ್ಕಿಂತ ಬೇರೆ ಸಾಧನೆ ಏತಕ್ಕೆ?” ಎಂದು ಹಿರಿಯರೊಬ್ಬರು ನುಡಿದರು. ಆಗ ಮೊಮ್ಮಗಳೊಬ್ಬಳು, “ಹಾಗಾದರೆ ಅಜ್ಜಿ ಪ್ರತಿ ವರ್ಷವೂ ಆ ಪ್ರಶ್ನೆಯನ್ನು ಏಕೆ ಕೇಳುತ್ತಿದ್ದರು?” ಎಂದಳು. ಯಾರೂ ಉತ್ತರಿಸಲಿಲ್ಲ.

ಪ್ರಶ್ನೆ ಸಣ್ಣದಲ್ಲ. ಭಗವಂತನ ಮಾಹಾತ್ಮ್ಯದ ಅರಿವಿನಿಂದ ಕೂಡಿದ, ದೃಢವಾದ, ಉಳಿದೆಲ್ಲಕ್ಕಿಂತ ಮಿಗಿಲಾದ ಸ್ನೇಹವೇ ಭಕ್ತಿಯೆಂದು ಶ್ರೀಮದಾಚಾರ್ಯರು ಮಹಾಭಾರತ ತಾತ್ಪರ್ಯನಿರ್ಣಯದಲ್ಲಿ ನಿರ್ಣಯಿಸಿದ್ದಾರೆ. ಸ್ನೇಹವಿದ್ದು ಅರಿವಿಲ್ಲದಿದ್ದರೆ ಅದು ಪೂರ್ಣವಾದ ಭಕ್ತಿಯಾಗಲಾರದು. ಅರಿವು ಬರುವುದು ಶ್ರವಣದಿಂದ. ಹೀಗಿರಲು, ಸೇವೆಯೊಂದೇ ಸಾಕು, ಶ್ರವಣ ಬೇಡ ಎಂದು ಗೃಹಿಣಿಯ ವಿಷಯದಲ್ಲಿ ಮಾತ್ರ ನಾವು ಹೇಳುವುದು ಯಾವ ಸಿದ್ಧಾಂತ? ಸ್ತ್ರೀಯರಿಗೆ ಜ್ಞಾನವೇತಕ್ಕೆ ಎನ್ನುವವರಿಗೆ ಆಚಾರ್ಯರ ಗ್ರಂಥದಲ್ಲಿ ಆಧಾರ ಸಿಗಲಾರದು. ಬ್ರಹ್ಮಸೂತ್ರಭಾಷ್ಯದ ಆರಂಭದಲ್ಲಿಯೇ ಅವರು ಅಧಿಕಾರಿಗಳನ್ನು ವಿಚಾರಿಸುತ್ತ, ಊರ್ವಶಿ, ಯಮಿ, ಶಚಿ ಮೊದಲಾದ ಉತ್ತಮಸ್ತ್ರೀಯರಿಗೆ ವೇದದಲ್ಲಿಯೂ ಅಧಿಕಾರವುಂಟೆಂಬ ವಚನವನ್ನು ಉದಾಹರಿಸಿದ್ದಾರೆ. ಉಳಿದವರಿಗೂ ಜ್ಞಾನದ ಬಾಗಿಲನ್ನು ಮುಚ್ಚಿಲ್ಲ. ಆ ಬಾಗಿಲನ್ನು ಮನೆಮನೆಗೂ ತಂದು ನಿಲ್ಲಿಸಿದವರು ನಮ್ಮ ಶ್ರೀಪಾದರಾಜರು. ಹದಿನೈದನೆಯ ಶತಮಾನದಲ್ಲಿ, ಶ್ರೀವ್ಯಾಸರಾಜರಂಥವರಿಗೆ ಶಾಸ್ತ್ರಪಾಠ ಹೇಳಿದ ಮಹಾಪಂಡಿತರಾದ ಅವರು, ಕನ್ನಡದಲ್ಲಿ ಮಧ್ವನಾಮವನ್ನೂ ಭ್ರಮರಗೀತ, ವೇಣುಗೀತಗಳನ್ನೂ ರಚಿಸಿದುದರಿಂದಲ್ಲವೇ ಸಂಸ್ಕೃತವನ್ನು ಕಲಿಯದ ಗೃಹಿಣಿಯ ಕಿವಿಗೂ ತತ್ತ್ವ ಮುಟ್ಟಿದ್ದು? ಹೆಳವನಕಟ್ಟೆ ಗಿರಿಯಮ್ಮನವರು ಚಂದ್ರಹಾಸನ ಕಥೆಯನ್ನು ರಚಿಸಿದರು. ಹರಪನಹಳ್ಳಿ ಭೀಮವ್ವನವರು (1823–1903) ಭೀಮೇಶಕೃಷ್ಣ ಎಂಬ ಅಂಕಿತದಿಂದ ಹಾಡುಗಳನ್ನು ಕಟ್ಟಿದರು. ಕೇಳಲು ಅವಕಾಶ ದೊರೆತ ಕಿವಿ ಹಾಡನ್ನು ಹಡೆಯಬಲ್ಲುದೆಂಬುದಕ್ಕೆ ಇವರೇ ಸಾಕ್ಷಿ.

ಭಾಗವತದ ದಶಮಸ್ಕಂಧದ ಯಜ್ಞಪತ್ನಿಯರ ಕಥೆ ಎಲ್ಲರಿಗೂ ತಿಳಿದದ್ದೇ. ಹಸಿದ ಗೋಪಾಲಕರು ಶ್ರೀಕೃಷ್ಣನ ಮಾತಿನಂತೆ ಬಂದು ಅನ್ನವನ್ನು ಬೇಡಿದಾಗ ಸ್ವರ್ಗಕಾಮನೆಯಿಂದ ಸತ್ರವನ್ನು ನಡೆಸುತ್ತಿದ್ದ ವಿಪ್ರರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅವರ ಪತ್ನಿಯರಾದರೋ ತಡೆದವರನ್ನು ಲೆಕ್ಕಿಸದೆ ಚತುರ್ವಿಧವಾದ ಅನ್ನವನ್ನು ಹೊತ್ತು ನಡೆದರು. ಇದನ್ನು ನಾವು ಅಡುಗೆಯ ಮಹಿಮೆಯ ಕಥೆಯೆಂದು ಹೇಳಿ ಮುಗಿಸುತ್ತೇವೆ. ಆದರೆ ಮೂಲವನ್ನು ನೋಡಿದರೆ, ಆ ಸ್ತ್ರೀಯರು ಬಹುಕಾಲದಿಂದ ಶ್ರೀಕೃಷ್ಣನ ಕಥೆಯನ್ನು ಕೇಳುತ್ತಿದ್ದುದರಿಂದಲೇ ಅವರ ಮನಸ್ಸು ಅವನಲ್ಲಿ ನೆಟ್ಟಿತ್ತೆಂದು ಸ್ಪಷ್ಟವಾಗಿದೆ. ಅವರ ಅನ್ನ ನೈವೇದ್ಯವಾದದ್ದು ಶ್ರವಣದ ಬಲದಿಂದ.

ಆ ಕಥೆಯ ಕೊನೆಯ ಭಾಗವಂತೂ ನಮ್ಮನ್ನೇ ಕುರಿತು ಹೇಳಿದಂತಿದೆ. ವಿಪ್ರರು ಪಶ್ಚಾತ್ತಾಪಪಟ್ಟರು. ತಮ್ಮ ವಿದ್ಯೆಯನ್ನೂ ವ್ರತವನ್ನೂ ಕುಲವನ್ನೂ ನಿಂದಿಸಿಕೊಂಡರು. ಉಪನಯನವಿಲ್ಲದ, ಗುರುಕುಲವಾಸವಿಲ್ಲದ ತಮ್ಮ ಪತ್ನಿಯರ ಭಕ್ತಿಯನ್ನು ಬಾಯ್ತುಂಬ ಹೊಗಳಿದರು. ಆದರೆ ಕಂಸನ ಭಯದಿಂದ ತಾವು ಮಾತ್ರ ಸ್ವಾಮಿಯ ದರ್ಶನಕ್ಕೆ ಹೊರಡಲಿಲ್ಲ! ಹೊಗಳಿಕೆ ಸುಲಭ, ಹೆಜ್ಜೆ ಕಷ್ಟ. ಸಮಾರಾಧನೆಯ ದಿನ ತಾಯಿಯ ತ್ಯಾಗವನ್ನು ಕೊಂಡಾಡಿದ ನಮ್ಮ ಸ್ಥಿತಿ ಇದಕ್ಕಿಂತ ಭಿನ್ನವೇ?

ಹಾಗೆಂದು ಆ ತಾಯಿಯ ಬಾಳು ವ್ಯರ್ಥವಾಯಿತೆಂದು ಯಾರೂ ತಿಳಿಯಬಾರದು. ಯೋಗ್ಯತೆಗೆ ತಕ್ಕ ಸಾಧನೆಯನ್ನು ಮಾಡಿಸುವವನು ಅಂತರ್ಯಾಮಿಯಾದ ಶ್ರೀಹರಿ. ವೃಂದಾವನದ ಎದುರು ಕುಳಿತು ತೂಕಡಿಸಿದ ನಮಗಿಂತ, ಒಲೆಯ ಮುಂದೆ ರಂಗವಿಠಲನನ್ನು ಹಾಡಿದ ಅವರು ಅವನಿಗೆ ಹತ್ತಿರವಾಗಿದ್ದರೆಂದೇ ನಮ್ಮ ನಂಬಿಕೆ. ವರ್ಷವರ್ಷವೂ ಬಿಡದೆ ಕೇಳಿದ ಆ ಪ್ರಶ್ನೆಯೇ ಜಿಜ್ಞಾಸೆಯಲ್ಲವೇ? ಕೊರತೆ ಅವರ ಸಾಧನೆಯಲ್ಲಿರಲಿಲ್ಲ. ಅವರ ಅನ್ನವನ್ನುಂಡು ಅವರಿಗೆ ಒಂದು ವಾಕ್ಯವನ್ನೂ ಹಿಂತಿರುಗಿಸದ ನಮ್ಮಲ್ಲಿತ್ತು. “ಗೃಹಕೃತ್ಯವೇ ಅವರ ಪೂಜೆ” ಎಂಬ ಮಾತು ಅವರು ಹೇಳಿಕೊಂಡಾಗ ಸಮರ್ಪಣೆ; ಅದೇ ಮಾತನ್ನು ನಾವು ಹೇಳಿದಾಗ ಅದು ನಮ್ಮ ಆಲಸ್ಯಕ್ಕೆ ಹೊದಿಸಿದ ಮಡಿವಸ್ತ್ರವಾದೀತು.

ಆದುದರಿಂದ ಓದುಗ ಬಂಧುಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಮುಂದಿನ ಆರಾಧನೆಗೆ ಮನೆಯವರೆಲ್ಲ ಹೊರಡುವಾಗ, ಒಲೆಯ ಬಳಿ ಯಾರು ಉಳಿದರೆಂಬುದನ್ನು ಹಿಂತಿರುಗಿ ನೋಡೋಣ. ಒಂದು ಸಂಜೆ ಕೂಸನ್ನು ಮಲಗಿಸುವ ಕೆಲಸವೂ ಬಡಿಸುವ ಕೆಲಸವೂ ನಮ್ಮದಾಗಲಿ. ಅವರು ಹೋಗಿ ಕೇಳಲಿ. ಅದಾಗದ ದಿನ, ಉಪನ್ಯಾಸದ ಒಂದು ಪ್ರಮೇಯವನ್ನಾದರೂ ಮನಸ್ಸಿಟ್ಟು ಕೇಳಿ ಮನೆಗೆ ತರೋಣ. ಆ ತಾಯಿ ಇಂದು ಬಾಗಿಲಲ್ಲಿ ನಿಂತು ಕೇಳುವುದಿಲ್ಲ. ಅವರ ಸ್ಥಾನದಲ್ಲಿ ಈಗ ಸೊಸೆಯಿದ್ದಾಳೆ. ಏನು ಹೇಳಿದರೆಂದು ಆಕೆ ಕೇಳಿದಾಗ, ಎಲೆಯ ಮುಂದೆ ಕುಳಿತುಕೊಳ್ಳುವ ಮೊದಲು ನಾವು ಉತ್ತರ ಹೇಳುವಂತಾಗಲಿ.

ಶ್ರೀಕೃಷ್ಣಾರ್ಪಣಮಸ್ತು.