ಮಾದಪ್ಪ ಅವ್ನೆ, ಸರಿ, ಟೈರು?

ಗುಂಡ್ಲುಪೇಟೆಯಲ್ಲಿ ಟೈರ್ ಅಂಗಡಿ ಇಟ್ಟವನು ದೇವರ ವಿಚಾರದಿಂದ ತಪ್ಪಿಸಿಕೊಳ್ಳುವಂತಿಲ್ಲ. ಶನಿವಾರ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟವರು, ನವೆಂಬರ್ ಬಂತೆಂದರೆ ಶಬರಿಮಲೆಗೆ ಮಾಲೆ ಹಾಕಿದವರು, ಅಮಾವಾಸ್ಯೆಗೆ ಮಾದಪ್ಪನ ಬೆಟ್ಟಕ್ಕೆ ಹೋಗುವವರು, ಎಲ್ಲರ ಗಾಡಿಗೂ ಗಾಳಿ ಬೇಕು. ಗಾಳಿ ಹಿಡಿಯುವಾಗ ಚಕ್ರ ತಿರುಗಿಸಿ, "ನೋಡಿ, ಸವೆದು ಒಳಗಿನ ತಂತಿ ಕಾಣ್ತಾ ಅದೆ" ಎಂದು ತೋರಿಸಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: "ಮಾದಪ್ಪ ಅವ್ನೆ ಬುಡಣ್ಣ."

ನಾನು ನಾಸ್ತಿಕನಲ್ಲ. ನಮ್ಮ ಅಂಗಡಿಯ ಕಂಪ್ರೆಸರಿಗೂ ವಿಭೂತಿ ಪಟ್ಟೆ ಬಿದ್ದಿದೆ. ಹೊಸ ಟೈರು ಹಾಕಿಸಿದವರು ಕೇಳಿದರೆ ನಿಂಬೆಹಣ್ಣನ್ನೂ ನಾನೇ ತಂದಿಡುತ್ತೇನೆ. ಮಾದಪ್ಪ ಇದ್ದಾನೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಟೈರು ಮಾಡಬೇಕಾದ ಕೆಲಸವನ್ನು ಅವನ ತಲೆಗೆ ಕಟ್ಟುವುದು ಭಕ್ತಿಯೋ ಸೋಮಾರಿತನವೋ ಎಂಬುದಷ್ಟೇ ನನ್ನ ಪ್ರಶ್ನೆ. ಹುಲಿಯ ಬೆನ್ನೇರಿ ಬೆಟ್ಟ ಸುತ್ತಿದವನಿಗೆ ರಬ್ಬರಿನ ಚಿಂತೆ ಇರಲಿಲ್ಲ. ನಮಗುಂಟು.

ಈ ಪ್ರಶ್ನೆಯನ್ನು ಮಗುಚಿ ಹಾಕಿದವನು ಚಾಮರಾಜನಗರದ ಒಬ್ಬ ಹುಡುಗ. ಕರಿಕಲ್ಲು ಪಾಲಿಶ್ ಮಾಡುವ ಕಡೆ ಸೂಪರ್‌ವೈಸರ್. ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಹಳೇ ಪೆಟ್ರೋಲ್ ಸ್ವಿಫ್ಟ್ ಇಟ್ಟುಕೊಂಡಿದ್ದಾನೆ. ಬಂದವನೇ, "ಅಣ್ಣ, ಕೊಯಮತ್ತೂರು ಟ್ರ್ಯಾಕ್‌ಗೆ ಹೋಯ್ತಾ ಇವ್ನಿ. ರೋಡಿಗೆ ಅಂಟ್ಕಳಂಥ ಟೈರ್ ಬೇಕು, ರೇಟ್ ಎಷ್ಟಾರ ಆಗ್ಲಿ" ಅಂದ. ಮಿಕ್ಕವರು ದೇವರ ಮೇಲೆ ಭಾರ ಹಾಕಿ ಟೈರನ್ನು ಮರೆತರೆ, ಇವನು ಅಷ್ಟೂ ಭಾರವನ್ನು ಟೈರಿನ ಮೇಲೆ ಹಾಕಿ ನಿಂತಿದ್ದ.

ಅವನು ಹೇಳಿದ್ದು ಕೊಯಮತ್ತೂರಿನ ಹತ್ತಿರ ಚೆಟ್ಟಿಪಾಳ್ಯಂನಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇ. 2003ರಲ್ಲಿ ಶುರುವಾದದ್ದು, ಒಂದು ಸುತ್ತಿಗೆ 2.1 ಕಿಲೋಮೀಟರ್. ಮಾರುತಿ 800ರ ಎಂಜಿನ್ ಇಟ್ಟು ಫಾರ್ಮುಲಾ ಮಾರುತಿ ಎಂಬ ಪುಟ್ಟ ರೇಸ್ ಕಾರುಗಳನ್ನು ಕಟ್ಟಿದ ಎಸ್. ಕರಿವರ್ಧನ್ ಅವರ ನೆನಪಿಗೆ ಆ ಹೆಸರು. ಅವರು 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಟ್ರ್ಯಾಕ್ ಡೇ ಎಂದರೆ ಹಣ ಕಟ್ಟಿ, ಹೆಲ್ಮೆಟ್ ಹಾಕಿಕೊಂಡು, ನಮ್ಮದೇ ಕಾರನ್ನು ಅಂಥ ಕಡೆ ಓಡಿಸುವುದು. ಪೈಪೋಟಿ ಇಲ್ಲ, ಕಪ್ಪೂ ಇಲ್ಲ. ನಮ್ಮ ಕಡೆಯಿಂದ ಹೋಗುವವರು ಪುಣಜನೂರು, ಹಾಸನೂರು ದಾಟಿ, ದಿಂಬಂ ಘಾಟಿಯ 27 ತಿರುವು ಇಳಿದು, ಬಣ್ಣಾರಿ ಅಮ್ಮನಿಗೆ ಕೈ ಮುಗಿದು ಸತ್ಯಮಂಗಲ ಸೇರುತ್ತಾರೆ.

ಹುಡುಗನನ್ನು ಕೂರಿಸಿ ಟೀ ತರಿಸಿದೆ. ಸಣ್ಣ ಕಾರಿನ ಒಂದೊಂದು ಟೈರೂ ನೆಲ ಮುಟ್ಟುವುದು ಸುಮಾರು ಒಂದು ಅಂಗೈಯಷ್ಟು ಜಾಗದಲ್ಲಿ. ನಾಲ್ಕು ಅಂಗೈ ರಬ್ಬರಿನ ಮೇಲೆ ಮನೆಮಂದಿಯೆಲ್ಲ ಕೂತು ಹೋಗುತ್ತೇವೆ. ಆ ಹಿಡಿತಕ್ಕೆ ಮಿತಿಯಿದೆ. ಬ್ರೇಕಿಗೂ ಅದೇ, ತಿರುವಿಗೂ ಅದೇ, ಎರಡೂ ಒಟ್ಟಿಗೆ ಬೇಕೆಂದರೆ ಹಂಚಿಕೊಳ್ಳಬೇಕು. ಪೂರ್ತಿ ಬ್ರೇಕ್ ತುಳಿದವನಿಗೆ ತಿರುಗಿಸಲು ಏನೂ ಉಳಿದಿರುವುದಿಲ್ಲ. ಮೆದು ರಬ್ಬರು ಕಾದಾಗ ಡಾಂಬರಿನ ಸಣ್ಣಪುಟ್ಟ ಉಬ್ಬುತಗ್ಗುಗಳೊಳಗೆ ಇಳಿದು ಕಚ್ಚಿಕೊಳ್ಳುತ್ತದೆ. ಕಚ್ಚಿದಷ್ಟೂ ತನ್ನನ್ನೇ ನೆಲಕ್ಕೆ ಬಿಟ್ಟುಕೊಟ್ಟು ಸವೆಯುತ್ತದೆ. ಕೆಲವು ಟೈರಿನ ಪಕ್ಕೆಯಲ್ಲಿ ಟ್ರೆಡ್‌ವೇರ್ ಎಂದು ಒಂದು ಅಂಕಿ ಅಚ್ಚಾಗಿರುತ್ತದೆ. ದಿನಬಳಕೆಯದಕ್ಕೆ 300, 400, ಅದಕ್ಕೂ ಮೇಲೆ; ಟ್ರ್ಯಾಕಿನವರು ಹುಡುಕುವುದು 200 ಅಥವಾ ಅದಕ್ಕಿಂತ ಕಡಿಮೆ. ಆ ಅಂಕಿ ಕೊಡುವವರು ಕಂಪನಿಯವರೇ ಆದ್ದರಿಂದ ಒಬ್ಬರ 200ನ್ನು ಇನ್ನೊಬ್ಬರ 200ರ ಜೊತೆ ತೂಗಿ ನೋಡಬಾರದು. ಇಂಥ ಟೈರು ತಣ್ಣಗಿರುವಾಗ ಅಷ್ಟಾಗಿ ಹಿಡಿಯುವುದಿಲ್ಲ. ಮೈಮೇಲೆ ಗೆರೆ ಕಡಿಮೆ, ಹಾಗಾಗಿ ಮಳೆನೀರು ನಿಂತ ಕಡೆ ತೇಲಿಬಿಡುತ್ತದೆ.

ಸಣ್ಣ ಕಾರಿನವರ ಕಷ್ಟ ಇನ್ನೂ ಒಂದಿದೆ. ಅವನ ಕಾರಿಗೆ ಕಂಪನಿಯಿಂದ ಬಂದದ್ದು 165/80 ಆರ್14. ಆ ಅಳತೆಯಲ್ಲಿ ಅಂಟುವ ಟೈರು ಸಿಕ್ಕುವುದೇ ಅಪರೂಪ. 195/50 ಆರ್15ಕ್ಕೆ ಹೋದರೆ ಸಿಗುತ್ತದೆ, ಆದರೆ ರಿಮ್ಮೂ ಬದಲಾಗಬೇಕು. ಚಕ್ರದ ಎತ್ತರ ತಗ್ಗಿ ಕಾರು ನೆಲಕ್ಕೆ ಹತ್ತಿರವಾಗುತ್ತದೆ, ಸ್ಪೀಡೋಮೀಟರ್ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಹೊರದೇಶದ್ದು ತರಿಸೋಣವೆಂದರೆ 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು, ಪರವಾನಗಿ ಇಲ್ಲದೆ ತರಿಸುವಂತಿಲ್ಲ. ಇವೆಲ್ಲ ದುಡ್ಡಿನಿಂದ ಬಗೆಹರಿಯುವ ಮಾತು. ಬಗೆಹರಿಯದ್ದು ಬೇರೆ. ಮಾಮೂಲಿ ಟೈರು ಜಾರುವ ಮೊದಲು ಕಿರುಚುತ್ತದೆ, ಸ್ಟಿಯರಿಂಗ್ ಸಡಿಲಾದಂತೆ ಕೈಗೆ ತಿಳಿಯುತ್ತದೆ, ಸ್ವಲ್ಪಸ್ವಲ್ಪವೇ ಬಿಡುತ್ತದೆ, ಅದೂ ಕಡಿಮೆ ವೇಗದಲ್ಲೇ. ತಿದ್ದಿಕೊಳ್ಳಲು ಪುರುಸೊತ್ತು ಸಿಗುತ್ತದೆ. ಹೆಚ್ಚು ಹಿಡಿತದ್ದು ಕಲಿಯುವವನ ತಪ್ಪುಗಳನ್ನೆಲ್ಲ ಮುಚ್ಚಿಹಾಕುತ್ತಾ ಹೋಗುತ್ತದೆ; ಕೊನೆಗೆ ಕೈ ಬಿಟ್ಟಾಗ ವೇಗ ವಿಪರೀತ ಇರುತ್ತದೆ.

ಅಷ್ಟರಲ್ಲಿ ಅವನ ತಾಯಿಯ ಫೋನು ಬಂತು. ಹುಡುಗ ಅದನ್ನು ನನ್ನ ಕೈಗಿಟ್ಟ. "ಇವ್ನ್‌ಗ ಒಸಿ ಬುದ್ಧಿ ಯೋಳಪ್ಪ. ಸುಮ್‌ಸುಮ್ನೆ ಸಾವ ಕೆಣಕಕ್ಕೆ ಹೋಯ್ತಾವ್ನೆ. ಅದು ಪಾಪ ಅಲ್ವಾ?"

ಟೈರ್ ಅಂಗಡಿಯಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಸಿಗುವುದು ಅವರೂರ ಹತ್ತಿರವೇ, ಮಲೆಯೂರಿನ ಕನಕಗಿರಿಯಲ್ಲಿ. ಸುಮಾರು ಒಂದೂವರೆ ಸಾವಿರ ವರ್ಷದ ಹಿಂದೆ ಜೈನಾಚಾರ್ಯ ಪೂಜ್ಯಪಾದರು ಆ ಬೆಟ್ಟದಲ್ಲಿ ತಪಸ್ಸು ಮಾಡಿದರೆಂದು ನಂಬಿಕೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರಕ್ಕೆ ಅವರು ಬರೆದ ವ್ಯಾಖ್ಯಾನ ಸರ್ವಾರ್ಥಸಿದ್ಧಿ. ಹಿಂಸೆ ಯಾವುದು ಎಂದು ಹೇಳುವಾಗ ಆ ಸೂತ್ರ, ಪ್ರಾಣ ಹೋಯಿತೇ ಎಂದಷ್ಟೇ ಕೇಳಿ ಸುಮ್ಮನಾಗುವುದಿಲ್ಲ. ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ, ಹೋಯಿತೇ ಎಂದು ಕೇಳುತ್ತದೆ. ಪೂಜ್ಯಪಾದರು ಅದನ್ನು ಇನ್ನೂ ಬಿಡಿಸುತ್ತಾರೆ. ನೆಲ ನೋಡಿಕೊಂಡು ಎಚ್ಚರದಿಂದ ಹೆಜ್ಜೆಯಿಡುವ ಮುನಿಯ ಕಾಲಡಿಗೆ ಹುಳವೊಂದು ಬಂದು ಸತ್ತರೂ ಅವನಿಗೆ ಅದರ ಪಾಪ ಅಂಟದು. ಎಚ್ಚರಗೇಡಿಗೆ, ಯಾವ ಜೀವವೂ ಸಾಯದಿದ್ದರೂ, ಹಿಂಸೆ ಕಟ್ಟಿಟ್ಟದ್ದು.

ಇದನ್ನು ನಮ್ಮ ರಸ್ತೆಗೆ ತಂದು ನೋಡಿ. ಬಂಡೀಪುರದ ಎರಡೂ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಲ್ಲಿಸಿದ್ದು 2009ರಲ್ಲಿ. ಬೆಳಿಗ್ಗೆ ಮದ್ದೂರು, ಮೇಲುಕಾಮನಹಳ್ಳಿ ಗೇಟು ತೆಗೆದ ಕೂಡಲೇ ಸಾಲುಗಟ್ಟಿ ನಿಂತ ಗಾಡಿಗಳು ನುಗ್ಗುವ ರಭಸ ಹೇಳತೀರದು. ಆ ಹೊತ್ತಿನಲ್ಲಿ ಜಿಂಕೆಗಳು ರಸ್ತೆಬದಿಯಲ್ಲೇ ಮೇಯುತ್ತಿರುತ್ತವೆ. ನುಣ್ಣಗೆ ಸವೆದ ಟೈರಿನಲ್ಲಿ, ಒಂದು ಕೈಯಲ್ಲಿ ಫೋನು ಹಿಡಿದು ಹೋದವನೊಬ್ಬ ಊಟಿ ತಲುಪಿದ ಎನ್ನಿ. ಯಾವ ಜಿಂಕೆಯೂ ಸಾಯಲಿಲ್ಲ. ಪೂಜ್ಯಪಾದರ ಲೆಕ್ಕದಲ್ಲಿ ಹಿಂಸೆ ಆಗಿಹೋಯಿತು. ಅವನು ಮಾತ್ರ ದೇವರು ಕಾಪಾಡಿದ ಎಂದು ಕಾಯಿ ಒಡೆಸುತ್ತಾನೆ.

ಟ್ರ್ಯಾಕಿನಲ್ಲಿ ಅಡ್ಡ ಬರುವ ಜಿಂಕೆಯಿಲ್ಲ, ಸೈಕಲ್ ಹುಡುಗನಿಲ್ಲ, ತರಕಾರಿ ಹೇರಿಕೊಂಡು ಎದುರಿಗೆ ಬರುವ ಲಾರಿಯಿಲ್ಲ. ಕಾದ ಟೈರಿನಲ್ಲಿ ಒತ್ತಡ ಏರುತ್ತದೆಂದು ಮೊದಲೇ ಗಾಳಿ ಇಳಿಸಿಕೊಂಡು, ನಡುನಡುವೆ ನಿಲ್ಲಿಸಿ ಪಿಎಸ್‌ಐ ಎಷ್ಟು, ವೀಲ್ ನಟ್ ಬಿಗಿಯಿದೆಯೇ ಎಂದು ನೋಡುತ್ತಾರೆ. ನಮ್ಮೂರಲ್ಲಿ ಇಷ್ಟು ಎಚ್ಚರದಿಂದ ಗಾಡಿ ನೋಡಿಕೊಳ್ಳುವವರನ್ನು ನಾನು ಕಂಡಿಲ್ಲ. "ಪಾಪ ಅಲ್ಲ ಕನವ್ವ. ಅಲ್ಲಿ ಓಡ್ಸದಂಗೆ ದಿಂಬಂ ಘಾಟಿಲಿ ಓಡ್ಸುದ್ರೆ ಪಾಪ" ಎಂದೆ. ಆಕೆಗೆ ಸಮಾಧಾನವಾಗಲಿಲ್ಲ. "ಅವ್ನ್ ಜೀವ ಜೀವ ಅಲ್ವಾ?" ಎಂದರು. ಅದೂ ತಳ್ಳಿಹಾಕುವ ಮಾತಲ್ಲ. ಮಗನ ಜೀವ ಮಗನೊಬ್ಬನದೇ ಅಲ್ಲ.

ಪ್ರಮಾದ ಭಕ್ತಿಯೊಳಗೇ ಹೊಕ್ಕು ಕೂತಿರುವುದನ್ನು ನೋಡಬೇಕಾದರೆ ಆಯುಧಪೂಜೆಯ ಸಂಜೆ ಬನ್ನಿ. ಬೂದುಗುಂಬಳ ಒಡೆದು, ಕುಂಕುಮ ಸುರಿದು, ನಡುರಸ್ತೆಯಲ್ಲೇ ಬಿಟ್ಟು ಹೋಗುತ್ತಾರೆ. ತಿರುಳು, ಬೀಜ, ನೀರು ಡಾಂಬರಿನ ಮೇಲೆ ಹರಡಿಕೊಂಡು, ಕತ್ತಲಾದ ಮೇಲೆ ಬೈಕಿನವರು ಜಾರಿ ಬೀಳುತ್ತಾರೆ. ನನ್ನ ಗಾಡಿಯ ದೃಷ್ಟಿ ತೆಗೆಯಲು ಒಡೆದ ಕಾಯಿ ಇನ್ನೊಬ್ಬನ ಮಂಡಿ ಒಡೆಯಿತು. ನಮ್ಮ ಅಂಗಡಿಯ ಮುಂದಿನದನ್ನು ನಾವು ಪೊರಕೆ ಹಿಡಿದು ಬಾಚಿ ಚೀಲಕ್ಕೆ ತುಂಬುತ್ತೇವೆ. ಪೂಜೆ ಮುಗಿಯುವುದು ಆಗಲೇ.

ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಯಾವುದೇ ಕೆಲಸಕ್ಕೆ ಐದು ಕಾರಣ ಹೇಳಿದೆ: ನೆಲೆ, ಮಾಡುವವನು, ಸಾಧನ, ಬಗೆಬಗೆಯ ಪ್ರಯತ್ನ, ಐದನೆಯದು ದೈವ. ಆ ಐದನೆಯದನ್ನು ನಾವು ಸ್ಟೆಪ್ನಿ ಮಾಡಿಕೊಂಡಿದ್ದೇವೆ. ಡಿಕ್ಕಿಯಲ್ಲಿ ಬಿದ್ದಿರುತ್ತದೆ, ಗಾಳಿ ಇದೆಯೋ ಇಲ್ಲವೋ ನೋಡಿದವರಿಲ್ಲ, ಪಂಕ್ಚರ್ ಆದ ದಿನ ಅದರ ನೆನಪು. ಹಾಗೆಂದು ಗೀತೆ ಹುಡುಗನ ಬೆನ್ನು ತಟ್ಟುವುದೂ ಇಲ್ಲ. ಐದು ಕಾರಣಗಳಿದ್ದೂ ತಾನೊಬ್ಬನೇ ಮಾಡಿದೆ ಎಂದುಕೊಂಡವನಿಗೆ ಬುದ್ಧಿ ಬಲಿತಿಲ್ಲ, ಅವನ ಕಣ್ಣಿಗೆ ಏನೂ ಕಾಣಿಸುತ್ತಿಲ್ಲ ಎಂದು ಅಲ್ಲೇ ಹೇಳಿದೆ. ದುಬಾರಿ ರಬ್ಬರು ಹಾಕಿಸಿ ಸುತ್ತಿನ ಸಮಯ ಇಳಿಸಿದವನು ತಾನು ಚೆನ್ನಾಗಿ ಓಡಿಸಿದೆ ಎಂದು ಮೀಸೆ ತಿರುವುತ್ತಾನೆ. ಓಡಿಸಿದ್ದರಲ್ಲಿ ಅರ್ಧ ಪಾಲು ರಬ್ಬರಿನದು. ಮಾದಪ್ಪನ ಹೆಸರು ಹೇಳಿ ಟೈರು ನೋಡದವನೂ, ಟೈರು ನೋಡಿಕೊಂಡು ತನ್ನನ್ನೇ ಹೊಗಳಿಕೊಳ್ಳುವವನೂ ನನಗೆ ಒಂದೇ ಜಾತಿಯ ಗಿರಾಕಿಗಳು.

ಕೊನೆಗೆ ಹುಡುಗನಿಗೆ ಹಾಕಿಕೊಟ್ಟದ್ದು ಅದೇ 165/80ರ ಮಾಮೂಲಿ ಟೈರು, ನಾಲ್ಕೂ ಹೊಸದು. ಪಕ್ಕೆಯ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ ಎಂದು ತೋರಿಸಿ, ಅವನಿಂದಲೇ ಓದಿಸಿದೆ. ಗೆರೆಯ ಆಳ 1.6 ಮಿಲಿಮೀಟರಿಗಿಂತ ಕೆಳಗಿಳಿದರೆ ಕಾನೂನಿನ ಪ್ರಕಾರ ರಸ್ತೆಗೆ ಬಿಡುವಂತಿಲ್ಲ, ಟ್ರ್ಯಾಕಿನಿಂದ ಬಂದ ಮೇಲೆ ಅಳೆಸಿಕೊಂಡು ಹೋಗು ಎಂದೆ. ಅಲೈನ್‌ಮೆಂಟ್ ಮಾಡಿಸಿದ. ಮಿಕ್ಕ ದುಡ್ಡಲ್ಲಿ ಬ್ರೇಕ್ ಪ್ಯಾಡು, ಬ್ರೇಕ್ ಆಯಿಲ್ ಬದಲಿಸು ಎಂದು ಗ್ಯಾರೇಜಿಗೆ ಕಳಿಸಿದೆ. ಅಂಟುವ ಟೈರು ಬೇಕೇ ಬೇಕೆಂದರೆ ಮುಂದಿನ ವರ್ಷ ಬರಲಿ, ತರಿಸಿಕೊಡುತ್ತೇನೆ. ಅಡ್ವಾನ್ಸ್ ಮಾತ್ರ ಮೊದಲೇ ಕೊಡಬೇಕು.