ಹಜಾರದಲ್ಲಿ ಹೊರಟ ಮೈಸೂರು ರೈಲು

ಮಕ್ಕಳ ಹುಟ್ಟುಹಬ್ಬಕ್ಕೆ ಈಗ ಥೀಮ್ ಬೇಕೇ ಬೇಕು. ಅಂಗಡಿಗೆ ಹೋದರೆ ಬ್ಯಾನರ್, ಬಲೂನು, ಟೋಪಿ ಎಲ್ಲವೂ ಒಂದೇ ಪೊಟ್ಟಣದಲ್ಲಿ ಸಿಗುತ್ತವೆ. ಸಂಜೆ ಅಂಟಿಸಿ ರಾತ್ರಿ ಕಿತ್ತರೆ ಮುಗಿಯಿತು. ಅಲ್ಲಿ ಮಗುವಿಗೆ ಮಾಡಲು ಕೆಲಸವೇ ಇಲ್ಲ, ತನ್ನ ಹಬ್ಬಕ್ಕೆ ತಾನೇ ಅತಿಥಿಯಾಗಿ ಕೂರುತ್ತದೆ. ನನಗೆ ಸಂಕಟವಾಗುವುದು ಖರ್ಚಿಗಿಂತ ಈ ಕಾರಣಕ್ಕೆ.

ಮಗು ಯಾವುದಕ್ಕೆ ಮರುಳಾಗಿದೆ ಎಂದು ಒಂದು ವಾರ ಗಮನಿಸಿದರೆ ಸಾಕು, ಥೀಮ್ ತಾನಾಗಿ ಹೊಳೆಯುತ್ತದೆ. ನಮ್ಮ ಪಕ್ಕದ ಮನೆಯ ಹುಡುಗನಿಗೆ ರೈಲೆಂದರೆ ಪ್ರಾಣ. ಅಜ್ಜಿಮನೆ ಮೈಸೂರಾದ್ದರಿಂದ ದಾರಿಯ ನಿಲ್ದಾಣಗಳೆಲ್ಲ ಬಾಯಿಪಾಠ. ಐದು ತುಂಬಿದ ದಿನ ಅವನ ಮನೆಯೇ ಬೆಂಗಳೂರು–ಮೈಸೂರು ಮಾರ್ಗವಾಯಿತು. ತಲೆಬಾಗಿಲು ಬೆಂಗಳೂರು, ಹಜಾರ ಚನ್ನಪಟ್ಟಣ, ಅಡುಗೆಮನೆಯ ಮುಂದೆ ಮದ್ದೂರು, ಹಿತ್ತಲಲ್ಲಿ ಮೈಸೂರು. ನಿಲ್ದಾಣದ ಫಲಕಗಳು ಥೇಟ್ ರೈಲ್ವೆಯವರದ್ದೇ: ಹಳದಿ ಹಾಳೆ, ಕಪ್ಪು ಅಕ್ಷರ, ಮೇಲೆ ಕನ್ನಡ, ಕೆಳಗೆ ಹಿಂದಿ, ಇಂಗ್ಲಿಷ್. ಅಮ್ಮ ಪೆನ್ಸಿಲಿನಲ್ಲಿ ಬರೆದುಕೊಟ್ಟದ್ದರ ಮೇಲೆ ಹುಡುಗನೇ ಬಣ್ಣ ತೀಡಿದ್ದ. ‘ಮದ್ದೂರು’ ಫಲಕದಲ್ಲಿ ದಕಾರದ ಒತ್ತು ಗೆರೆ ದಾಟಿ ಹಾಳೆಯ ಅಂಚಿನವರೆಗೂ ಹರಿದಿತ್ತು. ಯಾರೂ ತಿದ್ದಲು ಹೋಗಲಿಲ್ಲ, ಅದೇ ನನಗೆ ಬಹಳ ಹಿಡಿಸಿತು.

ರಟ್ಟಿನ ಪೆಟ್ಟಿಗೆಯ ತಳ ಕತ್ತರಿಸಿ ಹೆಗಲಿಗೆ ಲಾಡಿ ಕಟ್ಟಿಬಿಟ್ಟರೆ ಒಂದೊಂದು ಮಗುವೂ ಒಂದೊಂದು ಬೋಗಿ. ಚನ್ನಪಟ್ಟಣದಲ್ಲಿ ಇಳಿದವರಿಗೆಲ್ಲ ಒಂದು ಬುಗುರಿ, ಆಲೆಮರದ್ದು, ಅರಗಿನ ಬಣ್ಣದ್ದು. ಬೇರೆ ಉಡುಗೊರೆ ಯಾಕೆ? ಮದ್ದೂರಿನಲ್ಲಿ ಅಪ್ಪ ಬುಟ್ಟಿ ಹೊತ್ತು ‘ವಡೇ, ವಡೇ’ ಎಂದು ಕೂಗಿಕೊಂಡು ಬಂದರು. ಶ್ರೀರಂಗಪಟ್ಟಣಕ್ಕೆ ನೀಲಿ ಸೀರೆ ಹಾಸಿ ಕಾವೇರಿ ಮಾಡಿದ್ದರು. ಸೇತುವೆ ಮೇಲೆ ರೈಲಿನ ಸದ್ದು ಬದಲಾಗುತ್ತದಲ್ಲ, ಅದಕ್ಕೆಂದು ಅಜ್ಜಿ ಸ್ಟೀಲ್ ತಟ್ಟೆ ಬಡಿದರು. ಮೈಸೂರಿನಲ್ಲಿ ಕೇಕಿನ ಬದಲು ಮೈಸೂರು ಪಾಕ್. ನಾಲ್ವಡಿಯವರ ಅರಮನೆಯ ಅಡುಗೆಮನೆಯಲ್ಲಿ ಕಾಕಾಸುರ ಮಾದಪ್ಪನವರ ಕೈಯಲ್ಲಿ ಹುಟ್ಟಿತೆಂದು ಹೇಳುವ ಸಿಹಿಗಿಂತ ಆ ನಿಲ್ದಾಣಕ್ಕೆ ಒಪ್ಪುವುದು ಇನ್ನೇನಿದೆ?

ಥರ್ಮೋಕೋಲ್ ಅಲಂಕಾರ, ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಪ್ಲಾಸ್ಟಿಕ್ ತಟ್ಟೆ ಲೋಟ ಇವೆಲ್ಲ 2022ರ ಜುಲೈ 1ರಿಂದ ದೇಶದಲ್ಲೇ ನಿಷಿದ್ಧ. ಆದರೂ ಎಷ್ಟೋ ಮನೆಗಳಲ್ಲಿ ಕಾಣುತ್ತವೆ. ಬಾಳೆ ಎಲೆ, ಸ್ಟೀಲ್ ಲೋಟ ಧಾರಾಳ ಸಾಕು. ಬಲೂನು ಕಟ್ಟಲೇಬೇಕೆಂದರೆ ಒಡೆದ ಚೂರುಗಳನ್ನು ಆಗಲೇ ಆರಿಸಿಬಿಡಿ, ಎಳೆಯ ಮಕ್ಕಳ ಗಂಟಲಿಗೆ ಸಿಕ್ಕಿದರೆ ಉಸಿರೇ ಕಟ್ಟುತ್ತದೆ.

ಕರೆಯುವುದು ಏಳೆಂಟು ಮಕ್ಕಳನ್ನಷ್ಟೇ ಇರಲಿ. ಮಧ್ಯಾಹ್ನದ ನಿದ್ದೆ ಮುಗಿಸಿ ಬರುವ ಹಾಗೆ ನಾಲ್ಕು ಗಂಟೆಗೆ ಶುರು ಮಾಡಿ ಆರಕ್ಕೆ ಮುಗಿಸಿ. ಆಮೇಲೆ ಎಲ್ಲರಿಗೂ ರಚ್ಚೆ. ಆದರೆ ತಯಾರಿಗೆ ಮಾತ್ರ ಆತುರ ಬೇಡ. ಹದಿನೈದು ದಿನ ದಿನಕ್ಕೊಂದು ಬೋಗಿಗೆ ಬಣ್ಣ ಬಳಿಯುತ್ತ ಆ ಹುಡುಗ ಅನುಭವಿಸಿದ ಹಬ್ಬ ಆ ಸಂಜೆಗಿಂತ ದೊಡ್ಡದು. ರಟ್ಟಿಗೆ ಕಿರಾಣಿ ಅಂಗಡಿಯವರಲ್ಲಿ ಮೊದಲೇ ಹೇಳಿಡಿ. ಯಾರ ಮನೆಗಾದರೂ ಹೊಸ ಫ್ರಿಜ್ ಬಂದಿದ್ದರೆ ಅದರ ಪೆಟ್ಟಿಗೆಯನ್ನು ಬಿಡಬೇಡಿ, ಎಂಜಿನ್‌ಗೆ ಅದೇ ಸರಿ.