ಇಪ್ಪತ್ತು ವರ್ಷದ ಮಾತು

ಕ್ಯಾಲಿಫೋರ್ನಿಯಾ ಕಿಂಗ್‌ಸ್ನೇಕ್ ಸಾಕುವವರನ್ನು ಕೇಳಿ ನೋಡಿ, ಬಹಳ ಸಾಧು ಹಾವು ಎನ್ನುತ್ತಾರೆ. ಹೊಸಬರಿಗೆ ಹೇಳಿ ಮಾಡಿಸಿದ್ದಂತೆ. ಮೂರು ನಾಲ್ಕು ಅಡಿ ಉದ್ದ, ಕಪ್ಪು ಅಥವಾ ಕಂದು ಮೈಗೆ ಬಿಳಿ ಇಲ್ಲವೇ ಹಳದಿ ಪಟ್ಟೆ. ವಿಷವಿಲ್ಲ. ನಮ್ಮ ಊರಿನವರು ಕತ್ತಲಲ್ಲಿ ಕಂಡರೆ ಕಟ್ಟುಹಾವೆಂದು ಕೋಲು ಹುಡುಕುವುದು ಖಂಡಿತ. ಬೇರೆ ಹಾವುಗಳನ್ನು ತಿನ್ನುವುದರಿಂದ ಅದಕ್ಕೆ ರಾಜನ ಹೆಸರು. ನಮ್ಮ ಕಾಳಿಂಗವೂ ಹಾವು ತಿಂದೇ ಬದುಕುವುದು, ಆದರೆ ಎರಡಕ್ಕೂ ಹತ್ತಿರದ ನಂಟಿಲ್ಲ. ರ‍್ಯಾಟಲ್‌ಸ್ನೇಕ್‌ನ ವಿಷವನ್ನು ತಾಳಿಕೊಂಡು ಅದನ್ನೇ ನುಂಗುವ ಹಾವು ಇದು. ಅದೇ ಗಾತ್ರದ ರ‍್ಯಾಟ್‌ಸ್ನೇಕ್‌ಗಿಂತ ಇದರ ಸುತ್ತಿನ ಹಿಡಿತ ಬಿಗಿ ಎಂದು 2017ರಲ್ಲಿ ಬಂದ ಅಧ್ಯಯನವೊಂದು ಅಳೆದು ತೋರಿಸಿದೆ.

ಹಾಗಾದರೆ ಸಾಧು ಅಂದರೇನು? ಮರಿಯಿದ್ದಾಗ ಬಾಲ ಅಲ್ಲಾಡಿಸಿ ಹೆದರಿಸುತ್ತದೆ, ಮುಟ್ಟಿದರೆ ನಾರುವ ದ್ರವ ಬಿಡುತ್ತದೆ, ಕಚ್ಚುತ್ತದೆ. ದಿನವೂ ಎತ್ತಿಕೊಳ್ಳುತ್ತಾ ಬಂದರೆ ಕೆಲವು ತಿಂಗಳಲ್ಲಿ ಸುಮ್ಮನಾಗುತ್ತದೆ. ಈ ಕೈಯಿಂದ ಅಪಾಯವಿಲ್ಲ ಎಂದು ಅಭ್ಯಾಸವಾಗಿದೆ, ಅಷ್ಟೆ. ಇಲಿಯ ವಾಸನೆ ಹತ್ತಿದ ಕೈ ಒಳಗೆ ಹೋದರೆ ಅದೇ ಸಾಧು ಹಾವು ಬೆರಳು ಹಿಡಿದು ಜಗಿಯತೊಡಗುತ್ತದೆ. ಸ್ವಭಾವ ಬದಲಾಗಿದ್ದರಿಂದಲ್ಲ, ಹಸಿವಾದದ್ದರಿಂದ. ನಮಗೆ ಅನುಕೂಲವಾದದ್ದನ್ನು ನಾವು ಒಳ್ಳೆಯ ಗುಣ ಎಂದು ಕರೆಯುತ್ತೇವೆ. ಮನೆಕೆಲಸದವರ ವಿಷಯದಲ್ಲೂ ನಾವು ಇದನ್ನೇ ಮಾಡುವುದು, ಆ ಮಾತು ಇನ್ನೊಮ್ಮೆ ಆಡೋಣ.

ಇಷ್ಟೆಲ್ಲ ತಿಳಿದುಕೊಳ್ಳಬೇಕಾದದ್ದು ನನ್ನ ಅಕ್ಕನ ಮಗನಿಂದ. ಒಹಾಯೋದಲ್ಲಿ ಎಂ.ಎಸ್. ಓದುತ್ತಿದ್ದಾನೆ, ಬಾಡಿಗೆ ಕೋಣೆಯಲ್ಲಿ ಒಂದು ಗಂಡು ಕಿಂಗ್‌ಸ್ನೇಕ್ ಇಟ್ಟಿದ್ದಾನೆ. ಅಕ್ಕನಿಗೆ ಇನ್ನೂ ಗೊತ್ತಿಲ್ಲ. ಈಚೆಗೆ ವಿಡಿಯೋ ಕಾಲ್‌ನಲ್ಲಿ ಕೇಳಿದ: "ಮಾಮ, ಒಂದು ಹೆಣ್ಣು ತಂದು ಮರಿ ಮಾಡಿಸೋಣ ಅಂತಿದೀನಿ. ತಪ್ಪೇನಾದ್ರೂ ಇದೆಯಾ ಹೇಳು."

ಅವನ ತಯಾರಿ ಚೆನ್ನಾಗಿಯೇ ಇತ್ತು. ಚಳಿಗಾಲದಲ್ಲಿ ಹೊಟ್ಟೆ ಖಾಲಿ ಮಾಡಿಸಿ, ಎರಡು ಮೂರು ತಿಂಗಳು ತಂಪಿನಲ್ಲಿ ಆಹಾರವಿಲ್ಲದೆ ಮಲಗಿಸಬೇಕು. ವಸಂತದಲ್ಲಿ ಎರಡಕ್ಕೂ ಹೊಟ್ಟೆ ತುಂಬ ತಿನ್ನಿಸಿ, ಆಮೇಲೆ ಜೊತೆಗೆ ಬಿಟ್ಟು ಕಣ್ಣಿಟ್ಟು ಕಾಯಬೇಕು. ಇಲ್ಲದಿದ್ದರೆ ಗಂಡನೋ ಹೆಂಡತಿಯೋ ಊಟವಾಗಿಬಿಡುತ್ತಾರೆ. ಐದರಿಂದ ಹತ್ತರಷ್ಟು ಮೊಟ್ಟೆ, ಸುಮಾರು 28 ಡಿಗ್ರಿ ಶಾಖದಲ್ಲಿ ಎರಡು ತಿಂಗಳು. ಹುಟ್ಟಿದ ಮರಿಗಳನ್ನೂ ಒಂದೊಂದು ಡಬ್ಬಿಯಲ್ಲಿ ಬೇರೆ ಬೇರೆ ಇಡಬೇಕು, ಒಡಹುಟ್ಟಿದವರೆಂಬ ದಾಕ್ಷಿಣ್ಯ ಅವಕ್ಕಿಲ್ಲ. ಮೊದಲ ಪೊರೆ ಕಳಚಿದ ಮೇಲೆ, ಕಣ್ಣು ಬಿಡದ ಇಲಿಮರಿ ಕೊಡುವುದು. ಕೆಲವು ಮರಿಗಳು ಅದನ್ನು ಮೂಸಿಯೂ ನೋಡುವುದಿಲ್ಲ, ಆಗ ಹಲ್ಲಿಯ ವಾಸನೆ ಹಚ್ಚಿ ಕೊಡಬೇಕಂತೆ.

ಇಲಿಯ ಪ್ರಶ್ನೆಯನ್ನು ನಾನೇ ಎತ್ತಿದೆ. ಜೀವಂತ ಇಲಿ ಹಾವನ್ನೇ ಕಚ್ಚಿ ಗಾಯ ಮಾಡಬಹುದು, ಆದ್ದರಿಂದ ಅನಿಲ ಕೊಟ್ಟು ಕೊಂದು ಹೆಪ್ಪುಗಟ್ಟಿಸಿದ ಇಲಿಗಳು ಪ್ಯಾಕೆಟ್‌ನಲ್ಲಿ ಸಿಗುತ್ತವೆ; ಬೆಚ್ಚಗೆ ಮಾಡಿ ಚಿಮಟದಲ್ಲಿ ಹಿಡಿದು ಕೊಡುವುದು. "ಕಾಡಲ್ಲಿ ಸಾಯೋದಕ್ಕಿಂತ ಇದು ಕಡಿಮೆ ನೋವಿನ ಸಾವು ಮಾಮ" ಎಂದ. ಇರಬಹುದು. ಆದರೆ ಕಾಡಿನ ಇಲಿ ತನ್ನ ಪಾಡಿಗೆ ಹುಟ್ಟಿದ್ದು. ಪ್ಯಾಕೆಟ್ಟಿನ ಇಲಿಯನ್ನು ಹುಟ್ಟಿಸಿದ್ದೇ ಈ ಡಬ್ಬಿಗಾಗಿ. ಹಾವಿಗೆ ಇದರಲ್ಲಿ ಪಾಪವಿಲ್ಲ, ಅದು ಬೇರೇನೂ ತಿನ್ನಲಾರದು. ಕೋಳಿಸಾರು ಉಣ್ಣುವ ನಾನು ಈ ವಾದವನ್ನು ಹೆಚ್ಚು ಎಳೆಯುವ ಹಾಗೂ ಇಲ್ಲ. ಒಂದು ಹಾವಿಗೆ ವಾರಕ್ಕೊಂದು ಇಲಿ ಎಂಬ ಲೆಕ್ಕವನ್ನು ಹೇಗೋ ಒಪ್ಪಿಕೊಳ್ಳಬಹುದು. ನನಗೆ ತೊಡಕಾದದ್ದು ಎಂಟು ಮರಿಗಳ ಲೆಕ್ಕ.

ಅವನ ಬಲವಾದ ವಾದ ಇದು: ಕಾಡಿನಲ್ಲಿ ಹುಟ್ಟುವ ಮರಿಗಳಲ್ಲಿ ಹೆಚ್ಚಿನವು ದೊಡ್ಡವಾಗುವ ಮೊದಲೇ ಸಾಯುತ್ತವೆ, ನನ್ನ ಹತ್ತಿರ ಎಲ್ಲವೂ ಬದುಕುತ್ತವೆ, ಹಾಗಾದರೆ ಉಪಕಾರವೇ ಅಲ್ಲವೇ? ಕೇಳಲು ಚೆಂದ. ಆದರೆ ಹುಟ್ಟದೇ ಇರುವ ಹಾವಿಗೆ ಯಾವ ನಷ್ಟವೂ ಇಲ್ಲ, ಉಪಕಾರಕ್ಕಾಗಿ ಅದು ಎಲ್ಲಿಯೂ ಕಾದು ಕೂತಿಲ್ಲ. ಹುಟ್ಟಿಸಿದ ಮೇಲೆ ಮಾತ್ರ ಅದಕ್ಕೆ ಬೇಕುಗಳಿರುತ್ತವೆ. ಕಾಡಿನ ಸಾವು ಯಾರ ಖಾತೆಗೂ ಸೇರುವುದಿಲ್ಲ. ಡಬ್ಬಿಯ ಬದುಕು ಒಬ್ಬರ ಖಾತೆಗೆ ಸೇರುತ್ತದೆ, ಅದೂ ಹದಿನೈದು ಇಪ್ಪತ್ತು ವರ್ಷ.

ಇಲ್ಲಿ ಪುಣೆಯಲ್ಲಿ ನನ್ನ ಮನೆಯ ಕರಾರು 11 ತಿಂಗಳದ್ದು. ಹದಿನಾಲ್ಕು ವರ್ಷದಲ್ಲಿ ಚೆನ್ನೈ, ಹೈದರಾಬಾದ್, ಈಗ ಇದು. ಪ್ರತಿ ಸಲ ಊರು ಬಿಡುವಾಗ ತುಳಸಿ ಕುಂಡವನ್ನು ಎದುರು ಮನೆಯವರಿಗೆ ಕೊಟ್ಟು ಬಂದಿದ್ದೇವೆ. ಅವನದು ವೀಸಾದ ಬದುಕು, ಇನ್ನೂ ತೆಳು. ಮುಂದಿನ ವರ್ಷ ಯಾವ ಊರೆಂದು ಹೇಳಲಾರದ ನಮ್ಮಂಥವರು ಇಪ್ಪತ್ತು ವರ್ಷದ ಮಾತು ಕೊಡುವುದು ಹೇಗೆ? ಒಂದನ್ನು ಸಾಕಿದರೆ ಅದಕ್ಕೊಂದು ಮನೆ ಹುಡುಕಬಹುದು. ಎಂಟಕ್ಕೆ?

ಇದು ಬರಿಯ ತರ್ಕವೂ ಅಲ್ಲ. ಸ್ಪೇನ್‌ಗೆ ಸೇರಿದ ಕ್ಯಾನರಿ ದ್ವೀಪಗಳಲ್ಲಿ ಮೂಲತಃ ಹಾವುಗಳೇ ಇರಲಿಲ್ಲ. 1990ರ ದಶಕದ ಕೊನೆಯಿಂದ ಅಲ್ಲಿನ ಗ್ರ್ಯಾನ್ ಕ್ಯಾನರಿಯಾದಲ್ಲಿ ಇದೇ ಕಿಂಗ್‌ಸ್ನೇಕ್ ಕಾಣಿಸಿಕೊಂಡಿತು. ಅವುಗಳಲ್ಲಿ ಎಷ್ಟೋ ಬಿಳಿಚು ಅಲ್ಬೀನೋಗಳು. ಕಾಡಿನಲ್ಲಿ ಆ ಬಣ್ಣ ಅಪರೂಪ. ಜನ ಇಷ್ಟಪಟ್ಟು ಆರಿಸಿ ಮರಿ ಮಾಡಿಸಿದ ಬಣ್ಣ ಅದು. ಎಲ್ಲೋ ತಪ್ಪಿಸಿಕೊಂಡವೋ, ಬೇಡವಾಗಿ ಯಾರೋ ಬಿಟ್ಟರೋ. ಆ ದ್ವೀಪದಲ್ಲಿ ಬಿಟ್ಟರೆ ಬೇರೆಲ್ಲೂ ಸಹಜವಾಗಿ ಇಲ್ಲದ ದೊಡ್ಡ ಹಲ್ಲಿಯೊಂದಿದೆ, ಹಾವೆಂದರೇನೆಂದು ತಿಳಿಯದೆ ಬೆಳೆದ ಕುಲ. ಹಾವು ನೆಲೆಸಿದ ಜಾಗಗಳಲ್ಲಿ ಆ ಹಲ್ಲಿಗಳು ಶೇಕಡಾ 90ಕ್ಕೂ ಹೆಚ್ಚು ಇಲ್ಲವಾಗಿವೆ ಎಂದು 2021ರ ಅಧ್ಯಯನ ಹೇಳುತ್ತದೆ. ಈಗ ಸರ್ಕಾರ ಸಾವಿರಾರು ಹಾವುಗಳನ್ನು ಹಿಡಿಸಿ ಕೊಲ್ಲಿಸುತ್ತಿದೆ. ಕೊಲ್ಲಿಸಿಕೊಳ್ಳುತ್ತಿರುವವು ಯಾರದೋ ಅಂಗೈಯಲ್ಲಿ ಸಾಧುವಾಗಿದ್ದವುಗಳ ಮೊಮ್ಮಕ್ಕಳು.

ಇದನ್ನೆಲ್ಲ ಹೇಳಿದಾಗ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಬಿಡೋನಲ್ಲ ಮಾಮ" ಎಂದ. ನಂಬುತ್ತೇನೆ. ಬೇಡ ಅನ್ನುವ ಅಧಿಕಾರ ನನಗಿಲ್ಲ, ದುಡ್ಡೂ ಅವನದೇ. ಹೆಣ್ಣು ತರುವ ಮೊದಲು, ಮರಿಗಳನ್ನು ಇಪ್ಪತ್ತು ವರ್ಷ ಇಟ್ಟುಕೊಳ್ಳುವ ಎಂಟು ಜನರ ಹೆಸರು ಬರೆದು ಕಳಿಸು ಎಂದೆ.

ಮೂರು ವಾರವಾಯಿತು. ಎರಡು ಹೆಸರು ಬಂದಿವೆ. ಅದರಲ್ಲೊಬ್ಬ ಅವನ ರೂಮ್‌ಮೇಟ್, ಗುಂಟೂರಿನ ಹುಡುಗ. ಅವನ ವೀಸಾ ಬರುವ ಮೇ ತಿಂಗಳಿಗೆ ಮುಗಿಯುತ್ತದೆ.